ಹಿಡಿ ಭತ್ತದ ಪರೀಕ್ಷೆ

"ಒಂದು ಹಿಡಿ ಹಾಕ್ರಿ ಅಕ್ಕಾರ. ದಾವಲಬೀ ಅವರ ಕಣ್ಣಮುಂದನ ಹಾಕ್ರಿ," ಎಂದು ಅಂಬಣ್ಣ ಹೆಗಲ ಮೇಲಿನ ಭತ್ತದ ಚೀಲವನ್ನು ಭಟ್ಟಿಯ ಮುಂದೆ ಇಳಿಸಿ, ಬಾಯಿಗೆ ಕಟ್ಟಿದ್ದ ಸುತಳಿಯನ್ನು ಬಿಚ್ಚಿ ನೆಲದ ಮೇಲಿಟ್ಟ.

ಪಾರ್ವತೆಮ್ಮ ಅವನ ಹಿಂದೆ ನಿಂತವಳನ್ನು ನೋಡಿದಳು. ಅವನೊಬ್ಬನೇ ಬಂದಿದ್ದರೆ ಚಹಾ ಕುಡಿಸಿ, ನಾಲ್ಕು ಮಾತಾಡಿ ಸಾಗಹಾಕಬಹುದಿತ್ತು. ಆದರೆ ಶಹಾಪುರದಿಂದ ಚುರುಮುರಿ ಅಂಗಡಿಯ ದಾವಲಬೀಯನ್ನೇ ಕರೆತಂದಿದ್ದ.

ಕಾಲುವೆಗೆ ನೀರು ಬಂದು ಕಕ್ಕೇರಾ ಸೀಮೆಯ ಜೋಳದ ಹೊಲಗಳು ಗದ್ದೆಗಳಾದ ಹೊಸತರಲ್ಲಿ ಪಾರ್ವತೆಮ್ಮ ಸುರಪುರದ ಅಂಚಿಗೆ ಚುರುಮುರಿ ಭಟ್ಟಿ ಹಾಕಿದಳು. ಹೆಣ್ಣುಮಗಳ ಭಟ್ಟಿ ಎಷ್ಟು ದಿನ ಹೊಗೆಯಾಡೀತು ಎಂದು ಊರು ನಗುತ್ತಿದ್ದಾಗ ಮೊದಲ ಚೀಲ ತಂದು ಇಳಿಸಿದವನು ಅಂಬಣ್ಣ. ಅಂದಿನಿಂದ ಅವನ ಭತ್ತ, ಇವಳ ಕೈ, ಶಹಾಪುರ ಬಸ್ ನಿಲ್ದಾಣದ ಹತ್ತಿರ ದಾವಲಬೀಯ ಅಂಗಡಿ, ಈ ಮೂರೂ ಒಲೆಯ ಮೂರು ಕಲ್ಲಿನ ಹಾಗೆ ನಿಂತಿದ್ದವು. ಒಂದು ಕಲ್ಲನ್ನು ಪಾರ್ವತೆಮ್ಮನೇ ಒದ್ದಳು.

ಹೋದ ಸಲ ಗೋಗಿಯ ಉರುಸಿಗೆಂದು ದಾವಲಬೀ ಅವಸರದ ಮಾಲು ಕೇಳಿದ್ದಳು. ಭತ್ತ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಯಬೇಕು. ಪಾರ್ವತೆಮ್ಮ ಅಷ್ಟು ಕಾಯಲಿಲ್ಲ, ಅರ್ಧಕ್ಕೇ ಎತ್ತಿ ಹುರಿದು, ಕುಟ್ಟಿಸಿ ಅಕ್ಕಿ ಮಾಡಿ, ಮತ್ತೆ ಉಸುಕಿನಲ್ಲಿ ಹುರಿದಳು. ಚುರುಮುರಿ ಉಬ್ಬದೆ ಹಲ್ಲಿಗೆ ಕಲ್ಲಾಯಿತು. ಮಾಲು ತಿರುಗಿ ಬಂದಾಗ ದಾವಲಬೀ, "ಹಿಂಗ್ಯಾಕ ಆತು?" ಎಂದು ಕೇಳಿದಳು. "ಅಂಬಣ್ಣ ಈ ಸಲ ಕಲಬೆರಕಿ ಮಾಡ್ಯಾನ," ಎಂದುಬಿಟ್ಟಳು ಪಾರ್ವತೆಮ್ಮ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆದರೆ ನೆಲಕ್ಕೆ ಮಾನ ಮರ್ಯಾದೆ ಇಲ್ಲ, ಅಂಬಣ್ಣನಿಗಿತ್ತು. ಮಾತು ಬಸ್ಸು ಹತ್ತಿ ಊರೂರು ಸುತ್ತಿತು. ಈಗ ಅಕ್ಕಿ ಗಿರಣಿಯವರು ಕೂಡ ಅವನ ಚೀಲ ಕಂಡರೆ ಮುಖ ತಿರುಗಿಸುತ್ತಿದ್ದರು. ಸುಗ್ಗಿಯ ಭತ್ತವೆಲ್ಲ ಅಂಗಳದಲ್ಲೇ ಬಿದ್ದಿತ್ತು. ಪಾರ್ವತೆಮ್ಮನೂ ಕಣ್ಣು ತಪ್ಪಿಸಿ, ವ್ಯಾಪಾರಿಯೊಬ್ಬನಿಂದ ಭತ್ತ ತರಿಸತೊಡಗಿದ್ದಳು.

ಆ ಮಾತು ಹುಟ್ಟಿದ್ದು ಎಲ್ಲಿಂದ ಎಂಬುದು ಅಂಬಣ್ಣನಿಗೆ ಗೊತ್ತಿಲ್ಲ ಎಂದೇ ಅವಳು ತಿಳಿದಿದ್ದಳು.

ಹಸಿ ಭತ್ತವನ್ನು ಕಾದ ಉಸುಕಿಗೆ ಎಸೆದು ನೋಡುವುದು ಭಟ್ಟಿಯವರ ಹಳೆಯ ಪದ್ಧತಿ. ಒಳ್ಳೆಯ ಕಾಳಾದರೆ ಅರಳಾಗಿ ಬಿರಿಯುತ್ತದೆ, ಕೆಟ್ಟದ್ದಾದರೆ ಸುಟ್ಟು ಕರಕಾಗುತ್ತದೆ. ಚುರುಮುರಿಗೆ ನೆನೆಹಾಕುವವರ ಕೈಗುಣ ಬೇಕು. ಅರಳಿಗೆ ಭತ್ತ ಚೆನ್ನಾಗಿರಬೇಕು, ಬೆಂಕಿ ಚೆನ್ನಾಗಿರಬೇಕು, ಅಷ್ಟೇ.

ಆ ಬೆಂಕಿ ಪಾರ್ವತೆಮ್ಮನ ಕೈಯಲ್ಲಿತ್ತು. ಉಸುಕು ಉಗುರು ಬೆಚ್ಚಗಿರುವಾಗಲೇ ಎಸೆದರೆ ಎಂಥ ಭತ್ತವೂ ಬಿರಿಯದು. ಒಂದು ಹಿಡಿ ಕಾಳು ಸತ್ತರೆ ಅವಳ ಸುಳ್ಳು ನಿಜವಾಗುತ್ತಿತ್ತು, ದಾವಲಬೀಯ ಅಂಗಡಿ ಉಳಿಯುತ್ತಿತ್ತು. ಅವಳು ಬಾಣಲೆಯ ಮೇಲೆ ಅಂಗೈ ಹಿಡಿದು ನೋಡಿದಳು. ಇನ್ನೂ ಕಾದಿರಲಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದೇಬಿಟ್ಟಳು.

"ತಡೀರಿ ಅಕ್ಕಾರ, ಬೆಂಕಿ ಸಣ್ಣದಾಗ್ಯಾದ," ಎಂದು ಅಂಬಣ್ಣ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಂಚಿನಿಂದಲೂ ಮಾಡಿಕೊಂಡು ಬಂದ ಹಾಗೆ, ಹೊಟ್ಟು ತಳ್ಳತೊಡಗಿದ. ಹೊಗೆಗೆ ಕಣ್ಣು ಕಿರಿದು ಮಾಡಿದ್ದ. ಅವಳಿಗೆ ತನ್ನ ಮೇಲೇ ಹೇಸಿಗೆ ಬಂತು. ಹಿಡಿದ ಭತ್ತ ಬೆವರಿಗೆ ಅಂಗೈಗೆ ಅಂಟಿತು.

ಉಸುಕು ಕಾಯಿತು. ಅವಳು ಎಸೆದಳು.

ಚಟಚಟ ಸದ್ದಾಗಿ ಬಾಣಲೆಯ ತುಂಬ ಬೆಳ್ಳಗೆ ಅರಳೆದ್ದಿತು. ಜರಡಿ ಹಿಡಿದು ಮೊರಕ್ಕೆ ಸುರುವಿದಳು. ಕರಕು ಕಾಳು ಹುಡುಕಿದರೂ ಸಿಗಲಿಲ್ಲ. ದಾವಲಬೀ ನಾಲ್ಕು ಅರಳು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು.

"ಭತ್ತ ಸಾಫ್ ಅದ. ಮತ್ತ ಹ್ವಾದ ಸಲ ಏನಾಗಿತ್ತು, ಪಾರ್ವತೆಮ್ಮ? ಕಲಬೆರಕಿ ಅಂತ ನೀನ ಅಂದಿದ್ದಿ."

ಪಾರ್ವತೆಮ್ಮ ಜರಡಿಯನ್ನು ಕೆಳಗಿಟ್ಟಳು. ಅವಳಿಗಿಂತ ಮೊದಲು ಅಂಬಣ್ಣನೇ ಬಾಯಿಬಿಟ್ಟ.

"ಗೊತ್ತದರಿ ನನಗ, ಅವರ ಅಂದಾರಂತ. ಸುಮ್ಮಸುಮ್ಮನ ಅನ್ನೋರಲ್ಲ ಅಕ್ಕಾರ. ಕಾಲುವಿ ನೀರು ತಡಾ ಬಂತು, ನಾನೂ ಕೊಯ್ಯೂದಕ ಅವಸರ ಮಾಡಿದ್ದೆ. ಏನರ ಆಗಿರ್ತದ. ನಂದ ತಪ್ಪಿರಬೇಕು, ಬಿಡ್ರಿ."

ಅವನು ಮತ್ತೆ ಒಲೆಗೆ ಹೊಟ್ಟು ತಳ್ಳಿದ. ದಾವಲಬೀಗೂ ಅಷ್ಟೇ ಸಾಕಾಗಿತ್ತು. ಮೂಲೆಯ ಹಂಡೆಯಲ್ಲಿ ಆ ಬೆಳಿಗ್ಗೆ ನೆನೆಹಾಕಿದ್ದ ಭತ್ತದತ್ತ ನೋಡಿ ಕೇಳಿದಳು:

"ಹೋಗ್ಲಿ ಬಿಡು. ನನ್ನ ಮಾಲು ಸಂಜಿಗಿ ಹುರೀತಿಯೇನು? ಅಂಗಡ್ಯಾಗ ಒಂದು ಕಾಳಿಲ್ಲ."

ಹೂಂ ಎಂದಿದ್ದರೆ ಎಲ್ಲ ಅಲ್ಲಿಗೇ ಮುಚ್ಚಿಹೋಗುತ್ತಿತ್ತು. ಪಾರ್ವತೆಮ್ಮ ಹಂಡೆಗೆ ಕೈ ಹಾಕಿ ಒಂದು ಕಾಳು ತೆಗೆದು ಹಲ್ಲಿನಿಂದ ಕಚ್ಚಿದಳು.

"ಇವತ್ತು ಆಗಂಗಿಲ್ಲ. ಇನ್ನಾ ನೆಂದಿಲ್ಲ," ಎಂದಳು. ಆಮೇಲೆ, ಯಾರ ಮುಖವನ್ನೂ ನೋಡದೆ, "ಆ ಸಲಾನೂ ನೆಂದಿದ್ದಿಲ್ಲ. ನನಗ ಗೊತ್ತಿತ್ತು," ಎಂದಳು.

ಹೊಟ್ಟು ತಳ್ಳುತ್ತಿದ್ದ ಕೈ ನಿಂತಿತು. ಬಾಣಲೆಯಲ್ಲಿ ಉಸುಕು ಸುಮ್ಮನೆ ಕಾಯುತ್ತಿತ್ತು.

ಅಂಬಣ್ಣ ಎದ್ದು ಎರಡೂ ಕೈ ಝಾಡಿಸಿಕೊಂಡ. ನೆಲದ ಮೇಲಿದ್ದ ಸುತಳಿಯನ್ನು ಹೆಕ್ಕಿಕೊಂಡು, ಚೀಲದ ಬಾಯಿಯನ್ನು ಮಡಚಿ, ಬಿಗಿಯಾಗಿ ಕಟ್ಟತೊಡಗಿದ.