ನೆಲ ತಟ್ಟಿದ ಕೈ

ನಮ್ಮೂರು ತಾಂಬಾದ ಗರಡಿಯಲ್ಲಿ ಒಂದು ರೂಢಿಯಿದೆ. ಹೊರಗಿನ ಊರಿಗೆ ಕುಸ್ತಿಗೆ ಹೋಗುವವನು ಬಸ್ಸು ಹತ್ತುವ ಮೊದಲು ಕುಸ್ತಿ ಕಲಿಸಿದ ಗುರು ವಸ್ತಾದನ ಮುಂದೆ ತಲೆ ಬಾಗಿಸಬೇಕು. ವಸ್ತಾದ ಗರಡಿಯ ಕೆಂಪು ಮಣ್ಣನ್ನು ಬಲಗೈ ಬೆರಳಿಗೆ ತಗೊಂಡು ಅವನ ಹಣೆಗೆ ಹಚ್ಚಬೇಕು. ಎಣ್ಣೆ, ಮಜ್ಜಿಗೆ, ಅರಿಷಿಣ ಕುಡಿದು ಕುಡಿದು ಬೆಣ್ಣೆಯಂತಾದ ಮಣ್ಣು ಅದು. ಆ ಮಣ್ಣು ಸಿಗದವನು ಹೋಗುವುದಿಲ್ಲ. ಹೋದನೋ, ಗರಡಿಗೆ ತಿರುಗಿ ಕಾಲಿಡುವುದಿಲ್ಲ.

ನನ್ನ ಮೊಮ್ಮಗ ಮಾಳಿಂಗರಾಯ ಎರಡು ಸಾವಿರದ ಎಂಟನೆಯ ಇಸವಿಯಲ್ಲಿ ಆ ಮಣ್ಣಿಗಾಗಿ ಪುಣೆಯಿಂದ ಊರಿಗೆ ಬಂದ. ವಸ್ತಾದ ಗೈಬುಸಾಬ ಕೊಡುವುದಿಲ್ಲ ಅಂದ.

ಗೈಬುಸಾಬ ಅವನನ್ನು ಚಡ್ಡಿ ಹಾಕುವ ವಯಸ್ಸಿನಿಂದ ಕುಸ್ತಿಗೆ ಬಿಟ್ಟವನು. ಬಸವನ ಬಾಗೇವಾಡಿಯಲ್ಲಿ, ಮುದ್ದೇಬಿಹಾಳದಲ್ಲಿ, ಸಿಂದಗಿಯಲ್ಲಿ, ಎಲ್ಲಿ ಕುಸ್ತಿಯ ಜೋಡಿ ಹಚ್ಚಿದರೂ ಮಾಳಿಂಗನ ಹಣೆಗೆ ಅವನೇ ಮಣ್ಣು ಹಚ್ಚಿ ಕಳಿಸಿದ್ದ. ಆದರೆ ಈ ಸಲ ಹುಡುಗ ಹೊರಟಿದ್ದು ಕುಸ್ತಿಗಲ್ಲ. ಪುಣೆಯ ತಾಲೀಮುಮನೆಯಲ್ಲಿ ಅವನು ಬೇರೆ ಆಟ ಕಲಿತಿದ್ದ. ಸುತ್ತ ಜಾಳಿಗೆಯ ಗೋಡೆ, ಒಳಗೆ ಇಬ್ಬರು, ಗುದ್ದಬಹುದು, ಒದೆಯಬಹುದು, ಹಿಡಿದು ಕೆಡವಬಹುದು, ಕೆಡವಿ ತಿರುವಬಹುದು. ಎಲ್ಲಾ ವಿದ್ಯೆ ಕೂಡಿಸಿದ ಆಟ. ದುಡ್ಡು ಕೊಟ್ಟು ಆಡಿಸುತ್ತಾರೆ. ಮುಂದಿನ ರವಿವಾರ ಪುಣೆಯಲ್ಲಿ ಮಾಳಿಂಗನ ಮೊದಲನೆಯ ಆಟವಿತ್ತು.

"ನಾಟಕ ಅದು," ಅಂದ ಗೈಬುಸಾಬ. "ನನ್ನ ಗರಡಿ ಮಣ್ಣು ನಾಟಕದವ್ರಿಗೆ ಬಣ್ಣ ಹಚ್ಚಾಕ ಇಲ್ಲ."

ಅವನ ಸಿಟ್ಟಿಗೆ ಕಾರಣವಿತ್ತು. ಊರಿಗೆ ಕೇಬಲ್ ಬಂದ ಹೊಸದರಲ್ಲಿ ಟಿ.ವಿ.ಯಲ್ಲಿ ದೈತ್ಯರಂಥ ಗಂಡಸರು ಒಬ್ಬರನ್ನೊಬ್ಬರು ಎತ್ತಿ ಒಗೆಯುವ ಕುಸ್ತಿ ಬರುತ್ತಿತ್ತು. ಗೈಬುಸಾಬ ಅದನ್ನು ಕಣ್ಣು ಮಿಟುಕಿಸದೆ ನೋಡಿದ. ಗರಡಿಯ ಹುಡುಗರಿಗೆ, "ನೋಡ್ರಿ, ಅಷ್ಟ ಎತ್ತರದಿಂದ ಬಿದ್ರೂ ಎದ್ದು ನಿಲ್ತಾನ, ಅದು ಮೈ ಅಂದ್ರ," ಅಂತ ಪಾಠ ಹೇಳಿದ. ಆಮೇಲೊಂದು ದಿನ ಸಿಂದಗಿಯ ಚಹಾದಂಗಡಿಯಲ್ಲಿ ಯಾರೋ, ಅದೆಲ್ಲ ಮೊದಲೇ ಮಾತಾಡಿಕೊಂಡು ಆಡುವುದು, ಯಾರು ಗೆಲ್ಲಬೇಕೆಂಬುದನ್ನೂ ಬರೆದಿಟ್ಟಿರುತ್ತಾರೆ ಅಂದರು. ಅಂಗಡಿ ತುಂಬ ಜನ ಅವನನ್ನು ನೋಡಿ ನಕ್ಕರು. ಅವತ್ತಿನಿಂದ ಗೈಬುಸಾಬ ಆ ಅಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟ. ಎರಡನೇ ಸಲ ಮೋಸ ಹೋಗಲು ಅವನು ತಯಾರಿರಲಿಲ್ಲ.

ಮಾಳಿಂಗ ಮನೆಗೆ ಬಂದ. ನನಗಷ್ಟೇ ಹೇಳಿದ, "ಆಯಿ, ಮಣ್ಣು ಸಿಗಲಿಲ್ಲಂದ್ರ ನಾ ಪುಣೆಕ್ಕ ಹೋಗಾಂಗಿಲ್ಲ."

"ಮತ್ತ ಇಷ್ಟ ದಿನ ಕಲ್ತದ್ದು?"

"ಕಲ್ತದ್ದು ಕಲ್ತಂಗ ಇರಲಿ. ವಸ್ತಾದನ್ನ ಬಿಟ್ಟು ಎಲ್ಲಿ ಹೋಗಿ ಏನ ಗೆಲ್ಲೂದೈತಿ?"

ಮೊಮ್ಮಗನ ಮೋರೆ ನೋಡಲಾಗಲಿಲ್ಲ. ನಾನೇ ಗೈಬುಸಾಬನ ಮನೆಗೆ ಹೋದೆ. ಅವನ ಹೆಂಡತಿ ಸುಲ್ತಾನಬಿ ರೊಟ್ಟಿ ಬಡಿಯುತ್ತಿದ್ದಳು.

"ವಸ್ತಾದ, ನೋಡದ ಮಾಲಿಗೆ ಬೆಲಿ ಕಟ್ಟಬ್ಯಾಡ," ಅಂದೆ. "ಹುಡುಗ ಆ ಆಟದ ಸೀಡಿ ತಂದಾನ. ಒಮ್ಮೆ ನೋಡು. ಆಮ್ಯಾಲ ಬೇಕಾದಂಗ ಬೈ."

"ನೋಡಿ ಕೆಟ್ಟಾವ ನಾ, ಅಕ್ಕಾ."

ಸುಲ್ತಾನಬಿ ಒಲೆಯ ಮುಂದಿನಿಂದಲೇ ಅಂದಳು, "ಹೋಗ್ರಿ, ಹೋಗ್ರಿ. ಸಿಂದಗಿ ಅಂಗಡಿ ಹೆಂಗೂ ಬಿಟ್ಟೀರಿ, ಅಲ್ಲೂ ಕೆಟ್ರ ಚಾ ಕುಡ್ಯಾಕ ಇಂಡಿಗೇ ಹೋಗೋದಾಗ್ತೈತಿ, ಅಷ್ಟೇ ಅಲ್ಲೇನು?"

ಮಧ್ಯಾಹ್ನ ಗೈಬುಸಾಬ ಬಂದ. ರುಮಾಲು ಬಿಚ್ಚಲಿಲ್ಲ, ಗೋಡೆಗೆ ಆತು ಕೂಡಲಿಲ್ಲ. ಈಗ ಏಳುತ್ತೇನೆ ಅನ್ನುವವನ ಹಾಗೆ ಕುಕ್ಕರಗಾಲಲ್ಲಿ ಕೂತ. ಮಾಳಿಂಗ ಸೀಡಿ ಹಾಕಿ ಬಾಗಿಲ ಬಳಿ ನಿಂತ. ನಾನು ಮೊರದಲ್ಲಿ ತೊಗರಿ ಬೇಳೆ ಹಾಕಿಕೊಂಡು ಹಸನು ಮಾಡುತ್ತ ಕೂತೆ.

ಜಾಳಿಗೆಯೊಳಗೆ ಇಬ್ಬರು ಬಂದರು. ಒಬ್ಬ ಅಗಲ ಎದೆಯವ, ಇನ್ನೊಬ್ಬ ಸಣಕಲ. ಅಗಲ ಎದೆಯವ ನುಗ್ಗಿ ಸಣಕಲನ ಎರಡೂ ಕಾಲು ಕೂಡಿಸಿ ಎತ್ತಿ ಕೆಡವಿದ. ಗೈಬುಸಾಬನ ಮೈ ತನ್ನಷ್ಟಕ್ಕೆ ಮುಂದಕ್ಕೆ ಬಾಗಿತು. "ಭಲೇ," ಅಂತ ಬಾಯಿಂದ ಬಂದೇ ಬಂತು. ಸಣಕಲನ ಬೆನ್ನು ಪೂರಾ ನೆಲಕ್ಕೆ ಹತ್ತಿತ್ತು.

"ಚಿತ್ ಆದ. ಮುಗೀತು," ಅಂದ ವಸ್ತಾದ. ಅವರೋ ನಿಲ್ಲಿಸಲೇ ಇಲ್ಲ. ಮೇಲಿನವ ಗುದ್ದಿದ. ಕೆಳಗಿನವ ಕಾಲಲ್ಲಿ ಅವನ ನಡು ಕಟ್ಟಿಕೊಂಡು ಮಿಸುಕಾಡಿದ. ಗೈಬುಸಾಬ ಟಿ.ವಿ. ಕಡೆ ನೋಡುವುದನ್ನೇ ಬಿಟ್ಟು ಮಾಳಿಂಗನ ಕಡೆ ತಿರುಗಿದ.

"ಬೆನ್ನು ಮಣ್ಣ ಕಂಡಾವ್ನ ಹೊಡೀತಾರ. ಇದನ್ನ ಕಲ್ಯಾಕ ಹೋಗಿದ್ದೇನು?"

ಅಷ್ಟರಲ್ಲಿ ಅಲ್ಲಿ ಏನೋ ಆಯಿತು. ನಡುವೆ ನಿಂತ ಪಂಚ ಓಡಿ ಬಂದು ಇಬ್ಬರನ್ನೂ ಬಿಡಿಸಿದ. ಆಮೇಲೆ ಸಣಕಲನ ಕೈ ಹಿಡಿದು ಎತ್ತಿ ಜನಕ್ಕೆ ತೋರಿಸಿದ. ಗೈಬುಸಾಬ ಎದ್ದು ನಿಂತ.

"ನೋಡ್ದೆವಾ ಅಕ್ಕಾ? ಸೋತಾವನ ಕೈ ಎತ್ತಿದ್ರು. ಇಡೀ ಲೋಕದ ಮುಂದ ಚಿತ್ ಆದಾವ ಗೆದ್ದನಂತ. ನಮ್ಮ ಸಾಲಿ ಹುಡುಗ್ರೂ ಇಷ್ಟ ಹಸೀ ಸುಳ್ಳು ಹೇಳಾಂಗಿಲ್ಲ."

ವಸ್ತಾದ ಕೇಳದೆ ಶಿಷ್ಯ ಬಾಯಿ ತೆರೆಯುವ ರೂಢಿಯಿಲ್ಲ. ಮಾಳಿಂಗ ತಲೆ ತಗ್ಗಿಸಿ ನಿಂತೇ ಇದ್ದ. ನನಗೆ ಮಾತ್ರ ಏನೋ ಕಂಡಿತ್ತು. ಮೊರ ಕೆಳಗಿಟ್ಟೆ.

"ಕುಂಡ್ರು ವಸ್ತಾದ, ಚಾ ಕುಡದು ಹೋಗು. ಮಾಳಿಂಗ, ಅದನ್ನ ಸ್ವಲ್ಪ ಹಿಂದಕ್ಕ ತಗೋ. ಈಗ ಸಣ್ಣಾವನ್ನ ನೋಡಬ್ಯಾಡ್ರಿ. ದೊಡ್ಡಾವನ ಎಡಗೈ ನೋಡ್ರಿ."

ಮಾಳಿಂಗ ಹಿಂದಕ್ಕೆ ತಗೊಂಡ. ಕೆಳಗೆ ಬಿದ್ದ ಸಣಕಲ ಒಂದು ಕಾಲನ್ನು ದೊಡ್ಡವನ ಕೊರಳಿಗೆ ಅಡ್ಡ ಹಾಕಿದ್ದ. ಅವನ ಬಲಗೈಯನ್ನು ಎದೆಗೆ ಅವುಚಿಕೊಂಡು, ಸೊಂಟ ಮೇಲೆತ್ತಿ, ಹಸೀ ಕಟ್ಟಿಗೆ ಮುರಿಯುವವರ ಹಾಗೆ ಮೊಣಕೈಯನ್ನು ಹಿಂದಕ್ಕೆ ಬಾಗಿಸುತ್ತಿದ್ದ. ದೊಡ್ಡವನ ಎಡಗೈ ಗಾಳಿಯಲ್ಲಿ ಒಮ್ಮೆ ತಡವರಿಸಿತು. ಆಮೇಲೆ ನೆಲವನ್ನು ತಟ್ಟಿತು, ಬಡಬಡ. ಆ ಕೈ ತಟ್ಟಿದ ಮೇಲೆಯೇ ಪಂಚ ಓಡಿ ಬಂದಿದ್ದ.

ಗೈಬುಸಾಬ ಕೂತ. "ಮತ್ತೊಮ್ಮೆ," ಅಂದ. ಮತ್ತೊಮ್ಮೆ ನೋಡಿದ. ಆಮೇಲೆ ಮೊದಲ ಸಲ ಶಿಷ್ಯನನ್ನು ಕೇಳಿದ, "ಏನದು?"

"ಸಾಕು ಅಂದಂಗ್ರಿ. ಈ ಆಟದಾಗ ಬೆನ್ನು ಹತ್ತಿದ್ರ ಸೋತಂಗಲ್ರಿ. ಕೆಳಗ ಬಿದ್ದಾವ್ಗೂ ಪಟ್ಟು ಅದಾವು. ತಟ್ಟಿದ್ರ ಮುಗೀತ್ರಿ. ತಟ್ಟಿದ ಮ್ಯಾಲೂ ಹಿಡದ್ರ ಹಿಡದಾವಂದ ತಪ್ಪು."

"ಅಂದ್ರ ಸೋತಾನ ಅಂತ ಪಂಚರು ಹೇಳಾಂಗಿಲ್ಲ. ಸೋತಾವ ತಾನೇ ಹೇಳ್ತಾನ?"

"ಹೌದ್ರಿ. ಎಚ್ಚರ ತಪ್ಪಿದ್ರ, ಇಲ್ಲಾ ಕೈ ಎತ್ತಾಕಾಗದಂಗ ಪೆಟ್ಟು ತಿಂದ್ರ ಪಂಚರು ನಿಲ್ಲಸ್ತಾರ. ಯಾರೂ ಸೋಲಲಿಲ್ಲಂದ್ರ ಮೂರು ಮಂದಿ ಕುಂತು ನೋಡಿರ್ತಾರ, ಅವರು ಹೇಳ್ತಾರ್ರಿ."

ಗೈಬುಸಾಬ ಕೈ ಎತ್ತಿ ತನ್ನ ಭುಜ ಸವರಿಕೊಂಡ. ಅವನು ಏನು ನೆನೆಯುತ್ತಿದ್ದ ಎಂಬುದು ನನಗೆ ಗೊತ್ತಿತ್ತು. ಮುದ್ದೇಬಿಹಾಳದಲ್ಲಿ ಅವನ ಕಡೆಯ ದೊಡ್ಡ ಕುಸ್ತಿಯಲ್ಲಿ ಒಂದು ಭುಜ ನೆಲಕ್ಕೆ ಹತ್ತಿತೋ ಇಲ್ಲವೋ ಅಂತ ಜಗಳವಾಗಿ, ಮಣ್ಣಿನ ಹೆಂಟೆ ತೂರಾಡಿ, ಎರಡೂರಿನ ಮಂದಿ ಮಾತು ಬಿಟ್ಟಿದ್ದರು. ಆ ಭುಜ ಅವನದೇ. ಹತ್ತಿತ್ತೋ ಇಲ್ಲವೋ ಅಂತ ಅವನನ್ನು ಯಾರೂ ಕೇಳಿರಲಿಲ್ಲ.

"ಜೋಡಿ ಹೆಂಗ ಹಚ್ತಾರ?"

"ಹಿಂದಿನ ದಿನ ತಕ್ಕಡಿಗೆ ಹತ್ತಿಸ್ತಾರ್ರಿ. ತೂಕಕ್ಕ ತೂಕ. ಕಣ್ಣಿಗೆ ಬೆರಳ ಹಾಕಾಂಗಿಲ್ಲ, ಮರ್ಮಕ್ಕ ಹೊಡ್ಯಾಂಗಿಲ್ಲ, ಡಾಕ್ಟರ್ ಕುಂತಿರ್ತಾರ."

"ರೊಕ್ಕ ಕೊಡ್ತಾರಲ್ಲ. ರೊಕ್ಕ ಕೊಟ್ಟು ಆಡಸೋದು ಖರೇ ಇರ್ತೈತೇನು?"

ಮಾಳಿಂಗ ನನ್ನ ಕಡೆ ನೋಡಿದ. ನಾನೇ ಅಂದೆ, "ನೀ ಬಾಗೇವಾಡಿಯಿಂದ ಕುಸ್ತಿ ಗೆದ್ದು ಬೆಳ್ಳಿ ಕಡಗ ತಂದಾಗ ಸುಳ್ಳು ಆಡಿ ತಂದಿದ್ದೇನು?"

ಗೈಬುಸಾಬ ನಾನು ತಂದುಕೊಟ್ಟ ಚಹಾ ಕುಡಿದು ಲೋಟ ಇಟ್ಟ.

"ತಟ್ಟೋದನ್ನೂ ಕಲಿಸಿ ಆಡಸಬಹುದು. ಮಾಳ್ಯಾ, ಅಂಗಳಕ್ಕ ಬಾ. ನನಗ ಹಾಕಿ ತೋರ್ಸು."

ಮಾಳಿಂಗ ಬೆಚ್ಚಿದ. "ನಿಮಗೇನ್ರಿ?"

"ಮತ್ತ ನಿಮ್ಮ ಆಯಿಗೇನು?"

ಅಂಗಳದಲ್ಲಿ ಜೋಳದ ಕಣಿಕೆ ಒಟ್ಟಿದ ಜಾಗದ ಮಣ್ಣು ಮೆತ್ತಗಿತ್ತು. ಗೈಬುಸಾಬ ಅಂಗಿ ಕಳೆದು, ರುಮಾಲು ನನ್ನ ಕೈಗೆ ಕೊಟ್ಟು, ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡ. ಅರವತ್ತು ದಾಟಿದ ಮೈ, ಆದರೂ ಹೆಗಲು ಬೇವಿನ ಬೊಡ್ಡೆಯ ಹಾಗಿತ್ತು. ಕೈಗೆ ಕೈ ಕೊಟ್ಟರು. ನಾನು ಉಸಿರು ಬಿಡುವುದರೊಳಗೆ ಮಾಳಿಂಗ ಕೆಳಗೆ, ವಸ್ತಾದ ಮೇಲೆ. ಮಾಳಿಂಗನ ಕಾಲು ಮೇಲೆದ್ದವು. ಒಂದು ಕಾಲು ವಸ್ತಾದನ ಕೊರಳಿಗೆ ಬಂತು. ಬಲಗೈ ಸಿಕ್ಕಿತು. ಬಾಗುತ್ತಾ ಬಂತು. ಮರುಕ್ಷಣ ಗೈಬುಸಾಬ ಕೈ ಕಿತ್ತುಕೊಂಡು ಎದ್ದು ಕೂತ.

ಕೂತವನ ಮುಖ ಕೆಂಡದ ಹಾಗಾಗಿತ್ತು.

"ಸಡಿಲ ಬಿಟ್ಟಿ."

ಮಾಳಿಂಗ ಮೈಮೇಲಿನ ಮಣ್ಣು ಕೊಡವಿಕೊಂಡ.

"ನನ್ನ ಕೈ ನನಗ ಹೇಳ್ತೈತಿ. ಬಿಟ್ಟಿಯೋ ಇಲ್ಲೋ?"

"ಬಿಟ್ಟೇನ್ರಿ. ನೀವು ವಸ್ತಾದ ಅದೀರಿ."

"ಹಂಗಾರ ನಾಟಕ ಆಡಿದಾವ ಯಾರು? ಟಿ.ವಿ.ದಾಂವೋ, ನೀನೋ? ಖರೇ ಆಟ ಅಂತ ತೋರ್ಸಾಕ ಬಂದು ನನ್ನ ಮುಂದ ಒಪ್ಪಂದದ ಕುಸ್ತಿ ಆಡಿದಿ. ಮಣ್ಣು ಬೇಕಂದ್ರ ಖರೇ ಹಿಡಿ. ಇಲ್ಲಾ, ಪುಣೆದ ದಾರಿ ಮರೀ."

ಹಿಡಿದರೆ ಹುಡುಗ ತನ್ನ ಗುರುವಿನ ಮಾನ ಅಂಗಳದಲ್ಲಿ ಚೆಲ್ಲಿದ ಹಾಗೆ. ಹಿಡಿಯದಿದ್ದರೆ ಆಟವೇ ಸುಳ್ಳು. ತಡೆಯಬೇಕು ಅನ್ನಿಸಿತು, ತಡೆಯಲಿಲ್ಲ. ಅದು ಅವರಿಬ್ಬರ ನಡುವಿನದು.

ಮತ್ತೆ ಕೈ ಕೊಟ್ಟರು. ಈ ಸಲ ವಸ್ತಾದ ಜಾಣತನದಿಂದ ಕೈ ಮುಚ್ಚಿಕೊಂಡ, ಎದೆಯ ಭಾರ ಹಾಕಿದ. ಮಾಳಿಂಗ ಕೆಳಗೆ ಒದ್ದಾಡಿದ, ಹೊರಳಿದ, ಮಣ್ಣು ತಿಂದ. ಗೆಲ್ಲುವುದಿಲ್ಲ ಅಂದುಕೊಂಡೆ. ವಸ್ತಾದ ಒಂದು ಗಳಿಗೆ ಬಲಗೈ ಊರಿ ಏಳಲು ಹೋದ. ಅಷ್ಟೇ ಸಾಕಾಯಿತು. ಕಾಲು ಕೊರಳಿಗೆ ಬಿದ್ದವು, ಕೈ ಎದೆಗೆ ಸೇರಿತು, ಸೊಂಟ ಎದ್ದಿತು. ಮಾಳಿಂಗನ ಕಣ್ಣಲ್ಲಿ ನೀರಿತ್ತು. ಆದರೆ ಹಿಡಿತದಲ್ಲಿ ದಯೆ ಇರಲಿಲ್ಲ.

ಗೈಬುಸಾಬ ಹಲ್ಲು ಕಚ್ಚಿದ. ಕೊರಳ ನರ ಹಗ್ಗದ ಹಾಗೆ ಎದ್ದವು. ಎಡಗೈ ಮೇಲೆದ್ದು ಗಾಳಿಯಲ್ಲಿ ನಿಂತಿತು. ಅಷ್ಟು ವರ್ಷ ಎದುರಾಳಿಯನ್ನು ಕರೆಯಲು ತೊಡೆ ತಟ್ಟಿದ ಕೈ ಅದು. ಬೇರೆ ಯಾವುದನ್ನೂ ತಟ್ಟಿ ಗೊತ್ತಿಲ್ಲದ್ದು. ಆ ಕೈ ನಿಧಾನವಾಗಿ ಇಳಿದು ನಮ್ಮ ಅಂಗಳದ ಮಣ್ಣನ್ನು ತಟ್ಟಿತು.

ತಟ್ಟಿದ ಸಪ್ಪಳ ನನ್ನ ಕಿವಿಗೆ ಮುಟ್ಟುವುದರೊಳಗೆ ಮಾಳಿಂಗ ಬಿಟ್ಟುಬಿಟ್ಟಿದ್ದ. ಎದ್ದು ವಸ್ತಾದನ ಕಾಲು ಹಿಡಿದ.

ಗೈಬುಸಾಬ ಕೂತಲ್ಲೇ ಮೊಣಕೈ ಸವರಿಕೊಂಡ. "ಲಗೂನ ಬಿಟ್ಟಿ," ಅಂದ, ಅಷ್ಟೇ. ನನ್ನ ಕೈಯಿಂದ ರುಮಾಲು ತಗೊಂಡ. ಒಂದೇ ಕೈಯಲ್ಲಿ ಸುತ್ತಲು ಬರದೆ ಹೆಗಲ ಮೇಲೆ ಹಾಕಿಕೊಂಡು ಹೋದ. ಮಣ್ಣಿನ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಸುಲ್ತಾನಬಿ ಅರಿಷಿಣ ಕೇಳಲು ಬಂದಳು. "ಏನ ಮಾಡಿ ಕಳಿಸಿದ್ರವಾ? ಬಲಗೈಲೆ ರೊಟ್ಟಿ ಮುರ್ಯಾಕ ಆಗವಲ್ದು. ನಾ ಮುರದು ಕೊಡಬೇಕು. ಕೊಟ್ರ ನಗತಾರ."

"ಮಣ್ಣಿಂದೇನರ ಅಂದನೇನು?"

"ಏನೂ ಅನಲಿಲ್ಲ. ಹೊತ್ತು ಹುಟ್ಟೋದ್ರಾಗ ಎದ್ದು ಹೊರಗ ಹೋದ್ರು."

ಇಂಡಿ ಬಸ್ಸು ಬರುವ ಹೊತ್ತಾಗಿತ್ತು. ಮಾಳಿಂಗ ಬ್ಯಾಗು ಕಟ್ಟಿರಲಿಲ್ಲ. "ಕಟ್ಟಿಕೋ," ಅಂದೆ. "ಸಿಗಲಿಲ್ಲಂದ್ರ ಬಿಚ್ಚೂಣು. ಬಿಚ್ಚೋದೇನು ದೊಡ್ಡದು." ಬಸ್ ನಿಲ್ಲುವ ಬೇವಿನ ಗಿಡದವರೆಗೆ ಇಬ್ಬರೂ ನಡೆದೆವು. ಅವನು ಗರಡಿಯ ಓಣಿಯ ಕಡೆ ಒಮ್ಮೆಯೂ ನೋಡಲಿಲ್ಲ. ನೋಡಿದರೆ ಅಲ್ಲೇ ನಿಂತುಬಿಡುತ್ತಾನೆ ಎಂದು ನನಗೂ ಗೊತ್ತಿತ್ತು.

ಬಸ್ಸು ಬಂತು. ಜನ ಹತ್ತತೊಡಗಿದರು. ಮಾಳಿಂಗ ಬ್ಯಾಗು ಕೆಳಗಿಟ್ಟ.

"ಮನಿಗೆ ಹೋಗೂಣ ನಡಿ, ಆಯಿ."

"ತಡಿ," ಅಂದೆ. ಓಣಿಯ ತುದಿಯಲ್ಲಿ ರುಮಾಲು ಕಂಡಿತ್ತು.

ಗೈಬುಸಾಬ ಬಂದ. ಬಲಗೈಗೆ ಅರಿಷಿಣ ಸುಣ್ಣ ಮೆತ್ತಿ, ಸುಲ್ತಾನಬಿಯ ಹಳೆಯ ಸೀರೆಯ ತುಂಡು ಕಟ್ಟಿತ್ತು. ಎಡಗೈಯಲ್ಲಿ ಒಂದು ಪುಟ್ಟ ಗಂಟು. ಹಲ್ಲಿನಿಂದ ಗಂಟು ಬಿಚ್ಚಿದ. ಒಳಗೆ ಗರಡಿಯ ಕೆಂಪು ಮಣ್ಣು. ಅದನ್ನು ಹಿಡಿದುಕೊಳ್ಳಲು ನನ್ನ ಕೈಗೆ ಕೊಟ್ಟ. ಹೆಂಗಸರು ಆ ಗರಡಿಯ ಹೊಸ್ತಿಲು ದಾಟುವುದಿಲ್ಲ. ಆ ಮಣ್ಣು ನನ್ನ ಅಂಗೈಗೆ ಬಂದದ್ದು ಅದೇ ಮೊದಲು. ತಂಪಗಿತ್ತು.

ಮಾಳಿಂಗ ತಲೆ ಬಾಗಿಸಿದ. ವಸ್ತಾದ ಬಲಗೈ ಎತ್ತಲು ನೋಡಿದ. ಅರ್ಧಕ್ಕೆ ನಿಂತಿತು.

"ಎಡಗೈಲೆ ಹಚ್ತೇನಿ. ನಡೀತೈತೇನು?"

"ನಡೀತೈತ್ರಿ," ಅಂದ ಮಾಳಿಂಗ. "ಕೈ ಭಾಳ ನೋಯ್ತೈತೇನ್ರಿ?"

ಗೈಬುಸಾಬ ನನ್ನ ಅಂಗೈಯಿಂದ ಎಡಗೈ ಬೆರಳಿಗೆ ಮಣ್ಣು ತಗೊಂಡು ಅವನ ಹಣೆಗೆ ಉದ್ದಕ್ಕೆ ಎಳೆದ.

"ರಾತ್ರಿ ಪೂರಾ ಒಂದ ಮಾತು ಹೇಳೇತಿ ಈ ಕೈ, ಖರೇ ಐತಿ, ಖರೇ ಐತಿ ಅಂತ. ಹತ್ತು, ಕಂಡಕ್ಟರ್ ಬೈತಾನ. ಒಂದು ಕೇಳು. ಬಿದ್ದಾವನ್ನ ಹೊಡ್ಯೋದು ನನಗಿನ್ನೂ ಸೇರಿಲ್ಲ. ಹಿಡದು ಗೆಲ್ಲು. ಆಗಲಿಲ್ಲಂದ್ರ ತಟ್ಟು. ನಾನೂ ತಟ್ಟೇನಿ, ಏನೂ ಸವದಿಲ್ಲ."

ಬಸ್ಸು ಹೊರಟ ಮೇಲೆ ಅವನು ಅಲ್ಲೇ ನಿಂತಿದ್ದ. ನನ್ನ ಅಂಗೈಯಲ್ಲಿ ಇನ್ನೂ ಚೂರು ಮಣ್ಣು ಉಳಿದಿತ್ತು. ಏನು ಮಾಡಲಿ ಅಂತ ಕೇಳಿದೆ.

"ಇಟ್ಟುಕೋ ಅಕ್ಕಾ," ಅಂದ. "ನೆಲ ತಟ್ಟಿದ ಆ ಕೈ ಮೊದಲ ಕಂಡಾಕಿ ನೀನ." ಆಮೇಲೆ ರುಮಾಲು ಸರಿಮಾಡಿಕೊಂಡು, ಸಿಂದಗಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆ ಅಂತ ಅಲ್ಲಿದ್ದವರನ್ನು ಕೇಳಿದ. ಆ ಚಹಾದಂಗಡಿಯವರಿಗೆ ಅವನು ಹೇಳಬೇಕಾದದ್ದು ಇತ್ತು.