ಓವನ್ನಿಗೂ ಇಸ್ತ್ರಿಪೆಟ್ಟಿಗೆಗೂ ಒಂದೇ ಬಿಸಿಲು

ಸೋಲಾರ್‌ನವನು ಮನೆಯೊಳಗೆ ಕಾಲಿಟ್ಟವನೇ ಫ್ರಿಜ್ಜನ್ನು ಗೋಡೆಯಿಂದ ಈಚೆಗೆಳೆದು, ಅದರ ಬೆನ್ನಿಗಂಟಿದ ಚೀಟಿಯನ್ನು ಓದತೊಡಗಿದ. ನೆಂಟರ ಮಕ್ಕಳ ಬೆನ್ನು ತಟ್ಟುವವನ ಹಾಗೆ ಫ್ಯಾನು, ಮಿಕ್ಸಿ ಒಂದೊಂದನ್ನೂ ಮುಟ್ಟಿ ಮಾತಾಡಿಸಿದ. ಕೊನೆಗೆ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಬ್ಬಬ್ಬಾ!" ಅಂದ.

ಆ ಒಂದು ಉದ್ಗಾರಕ್ಕೇ ಕಿರಿಸೊಸೆ ಓವನ್ನಿನ ಪಕ್ಕಕ್ಕೆ ಓಡಿಬಂದಳು.

ಓವನ್ನು ಅವಳದು. ದಿನಾ ಬೆಳಗ್ಗೆ ಬನ್ನು ಬೇಯಿಸಿ ಆಸ್ಪತ್ರೆಯ ಕ್ಯಾಂಟೀನಿಗೆ ಕಳಿಸುತ್ತಿದ್ದಳು. ಬಂದ ಲಾಭವನ್ನು ಕರೆಂಟು ಬಿಲ್ಲು ಕೂತಲ್ಲೇ ನುಂಗುತ್ತಿತ್ತು. ಮಹಡಿಯಲ್ಲಿ ಹಿರಿಸೊಸೆಯ ಹೊಲಿಗೆ, ಇಸ್ತ್ರಿ. ಬಿಲ್ಲು ನೋಡಿ ನೋಡಿ ಸಾಕಾದ ಮಾವ, "ಭಗವಂತ ಮೇಲಿಂದ ಬಿಸಿಲು ಸುರೀತಾನೇ ಇದ್ದಾನೆ, ನಾವು ಬೊಗಸೆ ಒಡ್ಡದೆ ಕೂತಿದ್ದೀವಿ" ಎಂದು ಸೋಲಾರ್ ಹಾಕಿಸಲು ತಮ್ಮ ಗಂಟು ಬಿಚ್ಚಲು ಒಪ್ಪಿದ್ದರು. ಗಂಟು ಇದ್ದಷ್ಟೇ. ಆ ದುಡ್ಡಿಗೆ ಬರುವ ಸೋಲಾರಿಗೆ ಎಟುಕದ ಯಂತ್ರ ಮನೆಯಿಂದಾಚೆ. ಅದನ್ನೂ ಮೊದಲೇ ಹೇಳಿಟ್ಟಿದ್ದರು.

"ಯಜಮಾನ್ರೇ, ಲೆಕ್ಕ ಎರಡು," ಎಂದ ಸೋಲಾರ್‌ನವನು. "ದಿನಕ್ಕೆ ಎಷ್ಟು ಕರೆಂಟು ತಿಂತೀರಿ ಅನ್ನೋದೊಂದು. ಸಾವಿರ ವಾಟಿನದು ಒಂದು ಗಂಟೆ ಓಡಿದ್ರೆ ಒಂದು ಯೂನಿಟ್ಟು. ಅದಕ್ಕೆ ತಕ್ಕಷ್ಟು ಪ್ಯಾನಲ್ಲು. ಒಂದೇ ಹೊತ್ತಿಗೆ ಎಷ್ಟು ಜನ ಬಾಯಿ ತೆರೀತೀರಿ ಅನ್ನೋದು ಇನ್ನೊಂದು. ಅದಕ್ಕೆ ತಕ್ಕ ಹಾಗೆ ಇನ್ವರ್ಟರು, ಬ್ಯಾಟರಿ. ದುಡ್ಡು ಕೈ ಕಚ್ಚೋದು ಅಲ್ಲೇ. ಓವನ್ನು ಯಾವಾಗ ಹಾಕ್ತೀರಮ್ಮಾ?"

"ಬೆಳಗ್ಗೆ. ಎರಡು ಗಂಟೆ ಅಷ್ಟೇ," ಎಂದಳು ಕಿರಿಸೊಸೆ, ತಪ್ಪು ಮಾಡಿದವಳ ಧ್ವನಿಯಲ್ಲಿ.

ಮೆಟ್ಟಿಲ ಮೇಲಿಂದ ಹಿರಿಸೊಸೆ ಕೇಳದೆಯೇ ಉತ್ತರ ಕೊಟ್ಟಳು. "ನನ್ನ ಇಸ್ತ್ರೀನೂ ಬೆಳಗ್ಗೇನೇ. ಗಿರಾಕಿಗಳು ಮುದುಡಿದ ಅಂಗಿ ಹಾಕ್ಕೊಂಡು ಹೋಗ್ತಾರಾ?"

"ಓವನ್ನು ಎರಡು ಸಾವಿರ, ಇಸ್ತ್ರಿ ಸಾವಿರ, ಮಿಕ್ಸಿ, ಫ್ರಿಜ್ಜು, ಫ್ಯಾನು... ಒಟ್ಟಿಗೆ ನಾಲ್ಕು ಸಾವಿರ ವಾಟಿನ ಹತ್ತಿರ. ಐದು ಕಿಲೋವಾಟಿನ ಇನ್ವರ್ಟರೇ ಬೇಕಾಗುತ್ತೆ." ಅವನು ಬೆಲೆ ಹೇಳಿದ.

ಮಾವ ಕನ್ನಡಕ ತೆಗೆದು ಒರೆಸಿದರು. "ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಪ್ಪಾ. ಓವನ್ ಬಿಟ್ರೆ?"

"ಓವನ್ ಬಿಟ್ರೆ ಚಿಕ್ಕದೇ ಧಾರಾಳ."

ಕಿರಿಸೊಸೆ ನೆಲ ನೋಡಿದಳು. ಓರಗಿತ್ತಿಯರಿಬ್ಬರದು ಮೊದಲಿಂದಲೂ ಎಣ್ಣೆ ಸೀಗೆಕಾಯಿ. ತನಗೆ 'ಬನ್ನಮ್ಮ' ಎಂಬ ಅಡ್ಡಹೆಸರಿಟ್ಟವಳೇ ಮೇಲಿನವಳು. ಇನ್ನು ಅವಳಿಗೆ ಹಾಲು ಕುಡಿದಷ್ಟು ಸಂತೋಷ ಎಂದುಕೊಂಡಳು.

"ಬಾಯಿಲೆಕ್ಕ ಬೇರೆ, ತಂತಿಲೆಕ್ಕ ಬೇರೆ," ಎನ್ನುತ್ತ ಸೋಲಾರ್‌ನವನು ಮೇನ್ ಬೋರ್ಡಿನ ತಂತಿಗೆ ಒಂದು ಮೀಟರನ್ನು ಕಚ್ಚಿಸಿದ. "ಇದು ಎಲ್ಲ ಬರೆದಿಟ್ಕೊಳ್ಳುತ್ತೆ. ನಾಳೆ ಬೆಳಗ್ಗೆ ದಿನಾ ಇರೋ ಹಾಗೇ ಇರಿ. ನಾಟಕ ಬೇಡ."

ಮರುದಿನ ಅವನು ಬಂದಾಗ ಓವನ್ನಿನಲ್ಲಿ ಎರಡನೇ ಸರದಿಯ ಬನ್ನು ಉಬ್ಬುತ್ತಿತ್ತು. ಮೀಟರು ನೋಡಿದ, ತಟ್ಟಿದ, ಮತ್ತೆ ನೋಡಿದ. "ಇದಕ್ಕೇನು ಗರ ಬಡೀತು? ಎರಡೂವರೆ ಸಾವಿರ ದಾಟೇ ಇಲ್ಲ. ಇಸ್ತ್ರಿ ಎಲ್ಲಿ ಹೋಯ್ತು?"

ಅವನು, ಮಾವ, ಕಿರಿಸೊಸೆ ಮೂವರೂ ಮೆಟ್ಟಿಲು ಹತ್ತಿದರು. ಹಿರಿಸೊಸೆ ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಪ್ಲಗ್ಗು ಕಿತ್ತು, ಮೂಗು ಮೇಲೆ ಮಾಡಿ ತಣ್ಣಗೆ ನಿಂತಿತ್ತು. ಪಕ್ಕದಲ್ಲಿ ಅಂಗಿಗಳ ಗುಡ್ಡ.

"ಯಾಕಕ್ಕಾ, ಇಸ್ತ್ರಿ ಕೆಟ್ಟಿದೆಯಾ?" ಎಂದಳು ಕಿರಿಸೊಸೆ.

"ಕೆಡೋಕೇನು ಧಾಡಿ? ಕೆಳಗೆ ಓವನ್ ಹಾಕಿದ್ದಾಳಲ್ಲ," ಎಂದಳು ದಾರ ಕಚ್ಚುತ್ತ. "ಅವಳು ಹಾಕಿದ ತಕ್ಷಣ ನನ್ನ ದೀಪ ಒಂಚೂರು ಮಂಕಾಗುತ್ತೆ. ಆಗ ಪ್ಲಗ್ ಕೀಳ್ತೀನಿ. ದೀಪ ಸರಿಹೋದ್ರೆ ಹಾಕ್ತೀನಿ."

ಕಿರಿಸೊಸೆ ಅಂಗಿಗಳ ಗುಡ್ಡದತ್ತ ನೋಡಿದಳು. "ದಿನಾನಾ, ಅಕ್ಕಾ?"

"ಮೊದಲನೇ ವಾರ ಎರಡೂ ಹಾಕಿ ಫ್ಯೂಸ್ ಹಾರ್ತಲ್ಲ. ಅರೆಬೆಂದ ಬನ್ನಿನ ತಟ್ಟೆ ತೊಡೆ ಮೇಲಿಟ್ಕೊಂಡು ನೀನು ಮೆಟ್ಟಿಲ ಮೇಲೆ ಗೋಳೋ ಅಂತ ಕೂತಿದ್ದೆ. ಆ ರಾಗ ದಿನಾ ಕೇಳೋಕೆ ನನ್ನಿಂದಾಗಲ್ಲಮ್ಮ."

"ನಿನ್ನೆ ಇದನ್ನ ಹೇಳಬಾರದಿತ್ತಾ ತಾಯಿ!" ಎಂದ ಸೋಲಾರ್‌ನವನು.

"ಇಸ್ತ್ರಿ ಯಾವಾಗ ಹಾಕ್ತೀನಿ ಅಂತ ನಾನಾಗೇ ಹೇಳ್ದೆ. ಯಾವಾಗ ಹಾಕಲ್ಲ ಅಂತ ಕೇಳಿದ್ರಾ?"

ಮಾವ ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಬಾಯ್ತುಂಬ ನಕ್ಕರು. ಸೋಲಾರ್‌ನವನು ಅಲ್ಲೇ ನಿಂತು ಹೊಸದಾಗಿ ಕೂಡಿದ: ಸರದಿ ತಪ್ಪದಿದ್ದರೆ ಮೂರು ಕಿಲೋವಾಟು ಸಾಕು, ಓವನ್ನೂ ಸೇರಿ. ಗಂಟಿಗೆ ಎಟುಕುವ ಬೆಲೆ. ಆದರೆ ಬೆರಳೆತ್ತಿ ಎಚ್ಚರಿಸಿದ. "ಎರಡೂ ಒಟ್ಟಿಗೆ ಹಾಕಿದ್ರೆ ಇನ್ವರ್ಟರು ತಾನೇ ಕಣ್ಮುಚ್ಚಿಬಿಡುತ್ತೆ. ಜೊತೆಗೆ ಇದಾದ ಮೇಲೆ ದೀಪ ಮಂಕಾಗದೇ ಇರಬಹುದು, ಅದನ್ನ ನಂಬ್ಕೋಬೇಡಿ. ಬಾಯಿಬಿಟ್ಟೇ ಹೇಳ್ಕೋಬೇಕು."

"ಎರಡು ಜಡೆ ಬಾಯಿಬಿಟ್ಟು ಮಾತಾಡೋದಾ!" ಎಂದರು ಮಾವ, ನಗು ನಿಲ್ಲಿಸದೆ. "ಐದರದ್ದೇ ಹಾಕಿಬಿಡಪ್ಪ."

"ಸುಮ್ನಿರಿ ಮಾವ, ದುಡ್ಡೇನು ಮರದಲ್ಲಿ ಬೆಳೆಯುತ್ತಾ?" ಎಂದ ಹಿರಿಸೊಸೆ ಮೂಗರಳಿಸಿದಳು. "ಬಾಯಿಬಿಟ್ಟು ಹೇಳ್ಬೇಕು ತಾನೆ? ಹೇಳ್ತೀನಿ. ಏ ಬನ್ನಮ್ಮ, ಕೆಳಗೆ ನಿನ್ನ ಬನ್ನು ಸೀಯ್ತಿದೆ, ಓಡೇ!"

ಕಿರಿಸೊಸೆ ಎರಡೆರಡು ಮೆಟ್ಟಿಲು ಹಾರಿದಳು. ತಟ್ಟೆ ಹೊರಗೆಳೆದು, ಸ್ವಿಚ್ಚು ಆರಿಸಿ, ಸುಟ್ಟ ಬೆರಳಿಗೆ ಉಫ್ ಎಂದು ಊದುತ್ತ ಮಹಡಿಗೆ ಕೇಳುವಂತೆ ಕೂಗಿದಳು:

"ಆರಿಸಿದೆ, ಅಕ್ಕಾ! ನೀವು ಹಾಕ್ಕೊಳ್ಳಿ!"