ಚಿನ್ನುವಿನ ಕತ್ತು

ಭಾನುವಾರ ಬೆಳಗ್ಗೆ ಅರಕೆರೆಯ ಮುದ್ದಯ್ಯನ ಜಗಲಿಯಲ್ಲಿ ಕೂರಲು ಜಾಗವಿರಲಿಲ್ಲ. ಕತ್ತು ಹಿಡಿದವರು, ಸೊಂಟ ಉಳುಕಿದವರು, ಕಬ್ಬು ಹೊತ್ತು ಭುಜ ನೋಯಿಸಿಕೊಂಡವರು. ಉಳುಕು ತೆಗೆಯುವುದರಲ್ಲಿ ಮುದ್ದಯ್ಯ ಸುತ್ತ ಹತ್ತೂರಿಗೆ ಹೆಸರುವಾಸಿ. ಒಂದು ಕೈ ಗದ್ದಕ್ಕೆ, ಇನ್ನೊಂದು ಹಿಂತಲೆಗೆ. ಮಾತಾಡಿಸುತ್ತಲೇ ಲಟಕ್ಕೆಂದು ತಿರುವಿಬಿಡುತ್ತಿದ್ದ.

ಒಳಗೆ ಅವನ ಹೆಂಡತಿ ಬೆಟ್ಟಮ್ಮ ಒದ್ದೆ ಚಡ್ಡಿ ಹಿಡಿದು ನಿಂತಿದ್ದಳು. ನಿನ್ನೆಯಿಂದ ಇದು ಐದನೆಯದು. ಮೊಮ್ಮಗಳು ಚಿನ್ನುವಿಗೆ ಆರು ವರ್ಷ. ಉಚ್ಚೆ ಬಂದರೆ ಹೇಳುವುದನ್ನು ಕಲಿತು ವರ್ಷವಾಗಿತ್ತು. ಈಗ ಕತ್ತನ್ನೂ ಒಂದು ಕಡೆಗೆ ವಾಲಿಸಿಕೊಂಡೇ ಇದ್ದಳು. ಮಗ, ಸೊಸೆ ನಾಗಮಂಗಲಕ್ಕೆ ಮದುವೆಗೆ ಹೋಗಿದ್ದರು.

ಚಿನ್ನು ಡೌನ್ ಸಿಂಡ್ರೋಮಿನ ಮಗು. ಓರೆ ಕಣ್ಣು, ಚಪ್ಪಟೆ ಮೂಗು, ಗಿಡ್ಡ ಬೆರಳು, ಹೇಗೆ ಬೇಕಾದರೂ ಬಾಗುವ ಮೈ. ಆ ಮೈ ಕಂಡರೆ ಮುದ್ದಯ್ಯನಿಗೆ ಎಲ್ಲಿಲ್ಲದ ಜಂಬ. ಕಾಲೆತ್ತಿ ಕಿವಿಗೆ ಮುಟ್ಟಿಸಿ, "ನೋಡ್ರಲಾ, ಎಂಗೈತೆ ಕೀಲು! ಉಟ್ಟಿದಾಗ್ಲಿಂದ ನಾನೇ ಎಣ್ಣೆ ತಿಕ್ಕಿ ಪಳಗ್ಸಿದ್ದು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಅದು ಎಣ್ಣೆಯಿಂದಲ್ಲ ಎಂದು ಬೆಟ್ಟಮ್ಮನಿಗೆ ಗೊತ್ತಾಗಿ ಆರು ತಿಂಗಳು. ಚಿನ್ನುವಿನ ಎದೆ ಪರೀಕ್ಷೆಗೆ ಶ್ರೀರಂಗಪಟ್ಟಣಕ್ಕೆ ಹೋದಾಗ ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಈ ಮಕ್ಕಳಿಗೆ ಹುಟ್ಟಿನಿಂದಲೇ ಕೀಲು ಸಡಿಲ, ಕೆಲವರಿಗೆ ಕತ್ತಿನ ಮೂಳೆಯೂ ಸಡಿಲ. ತಿರುಚಲೇಬೇಡಿ. ಕತ್ತು ವಾಲಿದರೆ, ನಡಿಗೆ ತಪ್ಪಿದರೆ, ಉಚ್ಚೆಯ ಹಿಡಿತ ಹೋದರೆ ಆ ಕ್ಷಣವೇ ಆಸ್ಪತ್ರೆಗೆ ತನ್ನಿ. ಒಳಗಿನ ನರ ನಜ್ಜಾದರೆ ಕೈಕಾಲೇ ಬಿದ್ದುಹೋಗುತ್ತವೆ.

ಗಂಡನಿಗೆ ಅವಳು ಹೇಳಿರಲಿಲ್ಲ. ಹೇಗೆ ಹೇಳುವುದು? ಮೂವತ್ತು ವರ್ಷ ಅವನ ಕೈಗುಣವನ್ನು ಊರೆಲ್ಲ ಹೊಗಳಿಕೊಂಡು ಬಂದ ಬಾಯಿ ಅವಳದು. ಭಾನುವಾರ ಬಂದರೆ ಮಗುವನ್ನು ಹಿತ್ತಲಿಗೋ, ಹೊಸಹೊಳಲಿನ ತಂಗಿ ಮನೆಗೋ ಸಾಗಿಸುತ್ತಿದ್ದಳು. ಇವತ್ತು ಆಗಲಿಲ್ಲ; ಮಗ ಬಂದೊಡನೆ ಆಸ್ಪತ್ರೆಗೆ ಒಯ್ಯುವುದೆಂದು ಕಾಯುತ್ತಿದ್ದಳು.

ಮುದ್ದಯ್ಯ ಒಳಬಂದು ಮಗುವನ್ನು ಎತ್ತಿಕೊಂಡ. "ಉಳುಕೈತೆ ಕಣಮ್ಮಿ. ನಾನು ಮನೇಲಿದ್ದೂ ಕೂಸು ಇಂಗೆ ವಾರೆ ಇದ್ರೆ ಜನ ಏನಂದಾರು?"

ಹೊರಗೆ ಜನ, ಒಳಗೆ ಗಂಡ, ನಡುವೆ ಹೊಸಿಲ ಮೇಲೆ ಬೆಟ್ಟಮ್ಮ. "ಬ್ಯಾಡ. ಮಗ ಬರ್ಲಿ."

"ಅವ್ನು ಬಂದು ನಂಗೆ ಉಳುಕು ತಗಿಯೋದು ಕಲಿಸ್ತಾನಾ?"

ಜಗಲಿಯಲ್ಲಿದ್ದ ಕರಿಯಯ್ಯ ನಕ್ಕ. "ಅಕ್ಕಯ್ಯ, ನೀ ಅಡ್ಡ ನಿಂತ್ರೆ ನನ್ ಸೊಂಟದ ಗತಿ?"

"ಸುಮ್ನಿರ್ಲಾ! ನಿನ್ ಸೊಂಟ ಮುರುದ್ರೆ ನಿನ್ ಎಂಡ್ರು ಅಳ್ತಾಳೆ, ನಂಗೇನು!"

ಜಗಲಿ ಗೊಳ್ಳೆಂದಿತು. ಆ ನಗುವಿನಲ್ಲೇ ಮುದ್ದಯ್ಯ ಅವಳನ್ನು ಸರಿಸಿ ಹೊರಬಂದು ಮಗುವನ್ನು ಮುಂದೆ ಕೂರಿಸಿಕೊಂಡ. ಒಂದು ಕೈ ಗದ್ದಕ್ಕೆ ಹೋಯಿತು.

ಬೆಟ್ಟಮ್ಮ ಅವನ ಮಣಿಕಟ್ಟು ಹಿಡಿದಳು. ಎಳೆಯಲಿಲ್ಲ, ಎಳೆದರೆ ಕತ್ತೂ ಜೊತೆಗೆ ಬರುತ್ತದೆ.

"ಮಗೀನ ಕೀಲು ನಿಮ್ಮ ಎಣ್ಣೆಗೆ ಸಡ್ಲ ಆಗಿದ್ದಲ್ಲ," ಎಂದಳು, ಎಲ್ಲರಿಗೂ ಕೇಳುವಂತೆ. "ಇಂಥಾ ಮಕ್ಕಳು ಉಟ್ಟೋದೇ ಅಂಗೆ. ಕತ್ತಿನ ಮೂಳೇನೂ ಸಡ್ಲ. ನೀವು ತಿರುವುದ್ರೆ ಕೈಕಾಲು ಬಿದ್ದೋಯ್ತವೆ. ಡಾಕ್ಟ್ರು ಏಳವ್ರೆ."

ಮುದ್ದಯ್ಯನ ಕೈ ಗದ್ದದ ಮೇಲೇ ನಿಂತಿತು.

"ಯಾವಾಗ ಏಳಿದ್ದು?"

"ಆರು ತಿಂಗಳಾಯ್ತು."

ಮುದ್ದಯ್ಯನ ಮುಖ ಕಪ್ಪಿಟ್ಟಿತು. "ಆರು ತಿಂಗ್ಳು! ಮೊನ್ನೆ ಸಂಜೆ ಕೂಸು ಜಾರಿ ಬಿತ್ತು. ನೀ ಡೈರಿಗೆ ಆಲು ಆಕಕ್ಕೆ ಓಗಿದ್ದೆ. ನಾನು ಒಂದ್ಸಲ ಕತ್ತು ತಿರುವಿ..."

ಬೆಟ್ಟಮ್ಮ ಅವನ ಇನ್ನೊಂದು ಕೈಯನ್ನೂ ಮಗುವಿನ ಹಿಂತಲೆಗೆ ಇರಿಸಿದಳು. "ಅಲ್ಲಾಡಿಸಬ್ಯಾಡಿ," ಎಂದಳು. "ಇದ್ದಂಗೆ ಇಡ್ಕಳಿ."

ಕರಿಯಯ್ಯ ಸೊಂಟ ಮರೆತು ಓಡಿ ಧರ್ಮೇಂದ್ರನ ಆಟೊ ಕರೆತಂದ. ಬೆಟ್ಟಮ್ಮನ ತೊಡೆಯ ಮೇಲೆ ಚಿನ್ನು, ಮುದ್ದಯ್ಯನ ಎರಡು ಅಂಗೈ ನಡುವೆ ಅವಳ ತಲೆ. ನಾಲೆ ದಂಡೆಯ ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಧರ್ಮೇಂದ್ರನೂ ಸೇರಿ ಮೂವರೂ ಉಸಿರು ಬಿಗಿಹಿಡಿಯುತ್ತಿದ್ದರು. ಬೇಗ ಹೋಗು ಎನ್ನುವಂತಿಲ್ಲ, ನಿಧಾನ ಎನ್ನುವಂತಿಲ್ಲ.

ಬೆಟ್ಟಮ್ಮ ಮಗುವಿನ ಕಾಲ್ಬೆರಳು ಅಮುಕಿದಳು. "ಇಲ್ಲಿ ಮುಟ್ಟುದ್ರೆ ಗೊತ್ತಾಯ್ತದಾ ಮಗ?"

ಚಿನ್ನು ನಾಲಿಗೆ ಚಾಚಿ ನಕ್ಕಳು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

"ಏಳಿದ್ರೆ ನಾನು ಕೇಳ್ತಿದ್ದೆ ಕಣಮ್ಮಿ," ಎಂದ ಮುದ್ದಯ್ಯ.

ಕೇಳುತ್ತಿದ್ದನೋ ಇಲ್ಲವೋ, ಅವಳಿಗೆ ತಿಳಿಯಲಿಲ್ಲ. ತಿಳಿಯುವ ದಾರಿಯೂ ಇನ್ನಿರಲಿಲ್ಲ. ಅವಳು ಬೆರಳನ್ನು ಮತ್ತೆ ಅಮುಕಿದಳು, ಇನ್ನಷ್ಟು ಜೋರಾಗಿ.